‘ಪ್ರಗತಿ ತೃಪ್ತಿಕರ’ ಎಂಬ ಎರಡು ಪದಗಳು

ಕಚೇರಿಯ ಹಳೆಯ ಕಡತಗಳನ್ನು ವಿಲೇವಾರಿಗೆಂದು ವಿಂಗಡಿಸುತ್ತಿದ್ದಾಗ ನನ್ನದೇ ಕೈಬರಹದ ಒಂದು ಕಡತ ಸಿಕ್ಕಿತು. ಸಮಾಜ ಕಾರ್ಯಕರ್ತೆಯಾಗಿ ಕೆಲಸಕ್ಕೆ ಸೇರಿದ ಎರಡನೆಯ ವರ್ಷ ನಾನು ನೋಡಿಕೊಂಡಿದ್ದ ಪ್ರಕರಣವದು. ಏಳು ಭೇಟಿಗಳ ವಿವರ ಅದರಲ್ಲಿದೆ. ಏಳರ ಕೊನೆಯಲ್ಲೂ ‘ಪ್ರಗತಿ ತೃಪ್ತಿಕರ’ ಎಂದು ಬರೆದಿದ್ದೇನೆ. ಎಂಟನೆಯ ನಮೂದು ಒಂದೇ ಸಾಲಿನದು: ವ್ಯಕ್ತಿ ಬರುವುದನ್ನು ನಿಲ್ಲಿಸಿದ್ದಾರೆ, ಸಂಪರ್ಕಕ್ಕೆ ಸಿಗುತ್ತಿಲ್ಲ, ಕಡತ ಮುಕ್ತಾಯ. ಏಳು ಸಲ ತೃಪ್ತಿಕರವಾಗಿ ಮುಂದುವರಿದ ಮನುಷ್ಯ ಎಂಟನೆಯ ಸಲಕ್ಕೆ ಹೇಗೆ ಕಾಣೆಯಾದ ಎಂಬ ಪ್ರಶ್ನೆ ಆಗ ನನಗೆ ಹೊಳೆದಿರಲಿಲ್ಲ. ಮೇಲ್ವಿಚಾರಕರಿಗೂ ಹೊಳೆದಂತಿಲ್ಲ; ಎಂಟೂ ಪುಟಗಳ ಕೆಳಗೆ ಅವರ ಸಹಿಯಿದೆ. ಇಷ್ಟು ವರ್ಷಗಳ ನಂತರ ಓದುವಾಗ, ಆ ತೃಪ್ತಿ ನನ್ನದೇ ಆಗಿತ್ತು ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಅವರು ಸಮಯಕ್ಕೆ ಬರುತ್ತಿದ್ದರು, ನಾನು ಹೇಳಿದ್ದನ್ನು ಕೇಳಿಸಿಕೊಳ್ಳುತ್ತಿದ್ದರು, ಹೊರಡುವಾಗ ಕೈಮುಗಿಯುತ್ತಿದ್ದರು. ಅದನ್ನೇ ನಾನು ಪ್ರಗತಿ ಎಂದು ಬರೆದುಕೊಂಡಿದ್ದೆ.

ಮುಂದೆ ಹೋಗುವ ಮೊದಲು ಪದದ ಬಗ್ಗೆ ಒಂದು ಮಾತು. ನಮ್ಮ ವೃತ್ತಿಯಲ್ಲಿ ಎದುರಿಗೆ ಕುಳಿತವರನ್ನು ಏನೆಂದು ಕರೆಯಬೇಕು ಎಂಬುದು ಕನ್ನಡದಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ‘ಕಕ್ಷಿದಾರ’ ಎಂದರೆ ವಕೀಲರ ಬಳಿ ಬಂದವರಂತೆ ಕೇಳಿಸುತ್ತದೆ. ‘ಫಲಾನುಭವಿ’ ಎಂದರೆ ಫಲ ಸಿಕ್ಕೇಬಿಟ್ಟಿದೆ ಎಂದು ಮೊದಲೇ ತೀರ್ಮಾನಿಸಿದಂತಾಗುತ್ತದೆ. ನಾವು ನಾವೇ ಮಾತಾಡುವಾಗ ‘ಕ್ಲೈಂಟ್’ ಎಂದೇ ಅನ್ನುತ್ತೇವೆ. ಇಲ್ಲಿ ನಾನು ‘ಸೇವಾರ್ಥಿ’ ಎಂದು ಬಳಸುತ್ತೇನೆ. ‘ಅರ್ಥಿ’ ಎಂದರೆ ಬೇಡುವವನು ಎಂಬ ಅರ್ಥ ಇರುವಂತೆಯೇ ಬಯಸುವವನು ಎಂಬ ಅರ್ಥವೂ ಇದೆ. ಗುರಿಯ ಮಾತು ಬಂದಾಗ ಈ ಎರಡನೆಯ ಅರ್ಥವನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಆ ಕಡತ ಮುಚ್ಚಿದ ಕೆಲವು ವರ್ಷಗಳ ಬಳಿಕ ಒಬ್ಬ ತಾಯಿ ನನ್ನ ಬಳಿ ಬರುತ್ತಿದ್ದರು. ಗುರುತು ಸಿಗದಂತೆ ವಿವರಗಳನ್ನು ಬದಲಿಸಿ ಹೇಳುತ್ತಿದ್ದೇನೆ. ಮನೆಯ ಪರಿಸ್ಥಿತಿ ಕೆಟ್ಟದ್ದರಿಂದ ಅವರ ಮಗ ಎರಡು ವರ್ಷಗಳಿಂದ ಮಕ್ಕಳ ಪಾಲನಾ ಕೇಂದ್ರವೊಂದರಲ್ಲಿದ್ದ. ವಾರಕ್ಕೊಮ್ಮೆ ಫೋನಿನಲ್ಲಿ ಮಾತಾಡಲು ಅವಕಾಶವಿತ್ತು. ಯೋಜನಾ ಪತ್ರದ ‘ಗುರಿ’ ಎಂಬ ಅಂಕಣದಲ್ಲಿ ‘ತಾಯಿ ಮತ್ತು ಮಗನ ನಡುವಿನ ಬಾಂಧವ್ಯವನ್ನು ಬಲಪಡಿಸುವುದು’ ಎಂದು ಬರೆದು, ಸಹಿಗಾಗಿ ಕಾಗದವನ್ನು ಅವರ ಮುಂದಿಟ್ಟೆ. ಅವರು ಓದಿ ಹೇಳಲು ಕೇಳಿದರು, ಓದಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಇದು ಯಾರಿಗೆ ಬೇಕಾಗಿರೋದು ಮೇಡಂ?” ಎಂದರು. ನಿಮಗೆ ಏನು ಬೇಕು ಹೇಳಿ ಎಂದೆ. “ಫೋನ್ ಮಾಡಿದ್ರೆ ಹೂಂ, ಊಹೂಂ ಅಂತ ಅಂದು ಇಟ್ಟುಬಿಡ್ತಾನೆ. ಒಂದು ನಿಮಿಷವೂ ಆಗಲ್ಲ. ಐದು ನಿಮಿಷ ನನ್ನ ಜೊತೆ ಮಾತಾಡಿದ್ರೆ ಸಾಕು.”

ನನ್ನ ವಾಕ್ಯದಲ್ಲಿ ಇಲ್ಲದ್ದೆಲ್ಲವೂ ಆ ಮಾತಿನಲ್ಲಿತ್ತು. ಈಗ ಎಲ್ಲಿದ್ದೇವೆ ಎಂಬುದಿತ್ತು, ಎಲ್ಲಿಗೆ ಹೋಗಬೇಕು ಎಂಬುದಿತ್ತು, ತಲುಪಿದ್ದೇವೆಯೋ ಇಲ್ಲವೋ ಎಂದು ತಿಳಿಯುವ ಬಗೆಯೂ ಇತ್ತು. ಅದಕ್ಕಿಂತ ಹೆಚ್ಚಾಗಿ, ಅಳೆಯುವ ಕೆಲಸ ಅವರ ಕೈಯಲ್ಲಿಯೇ ಉಳಿಯುತ್ತಿತ್ತು. ನನ್ನ ಅಭಿಪ್ರಾಯಕ್ಕೆ ಅಲ್ಲಿ ಜಾಗವಿರಲಿಲ್ಲ. ಬಾಂಧವ್ಯ ಬಲಗೊಂಡಿದೆ ಎಂದು ನಾನು ಯಾವ ದಿನ ಬೇಕಾದರೂ ಬರೆಯಬಹುದಿತ್ತು, ಅದನ್ನು ಯಾರೂ ಸುಳ್ಳೆನ್ನಲು ಸಾಧ್ಯವಿರಲಿಲ್ಲ. ಒಂದು ನಿಮಿಷ ಐದಾಗಿಲ್ಲ ಎಂಬುದನ್ನು ಮಾತ್ರ ಯಾರೂ ಅಲ್ಲಗಳೆಯಲಾಗದು. ಅಂದಿನಿಂದ ನಾನು ಗುರಿಯನ್ನು ಪರೀಕ್ಷಿಸುವುದು ಹೀಗೆ: ನಾನು ಸೋತಿದ್ದೇನೆ ಎಂದು ನನಗೆ ಹೇಳುವ ಶಕ್ತಿ ಈ ವಾಕ್ಯಕ್ಕಿದೆಯೇ? ಇಲ್ಲವಾದರೆ ಅದನ್ನು ಹೊಡೆದುಹಾಕಿ ಮತ್ತೆ ಬರೆಯುತ್ತೇನೆ.

ಹೊಸದಾಗಿ ಕೆಲಸಕ್ಕೆ ಬಂದವರ ಯೋಜನಾ ಪತ್ರಗಳನ್ನು ಈಗ ನಾನು ಓದುತ್ತೇನೆ. ಅತಿ ಸಾಮಾನ್ಯವಾದ ತಪ್ಪು, ಮಾಡುವ ಕೆಲಸವನ್ನೇ ಗುರಿ ಎಂದು ಬರೆಯುವುದು. ‘ವಾರಕ್ಕೊಂದು ಬಾರಿ ಆಪ್ತಸಮಾಲೋಚನೆ ನೀಡುವುದು’, ‘ಮೂರು ಮನೆಭೇಟಿ ಮಾಡುವುದು’, ‘ಕೌಶಲ ತರಬೇತಿಗೆ ಸೇರಿಸುವುದು’: ಇವೆಲ್ಲ ನಾವು ಮಾಡುವ ಕೆಲಸಗಳು. ಸೇವಾರ್ಥಿಯ ಬದುಕಿನಲ್ಲಿ ಒಂದು ಕೂದಲೂ ಅಲುಗದೆ ಇವಷ್ಟೂ ನೂರಕ್ಕೆ ನೂರು ಪೂರ್ಣಗೊಳ್ಳಬಹುದು. ವಾಕ್ಯದ ಕರ್ತೃ ಯಾರು ಎಂದು ನೋಡಿದರೆ ಈ ತಪ್ಪು ತಕ್ಷಣ ಸಿಕ್ಕಿಬೀಳುತ್ತದೆ. ನೀಡುವವರು, ಮಾಡುವವರು, ಸೇರಿಸುವವರು ನಾವಾಗಿದ್ದರೆ ಅದು ನಮ್ಮ ದಿನಚರಿ. ಕನ್ನಡದಲ್ಲಿ ಕರ್ತೃವನ್ನು ಬಿಟ್ಟು ವಾಕ್ಯ ಕಟ್ಟುವ ಅನುಕೂಲವಿರುವುದರಿಂದ ಈ ದೋಷ ಇನ್ನಷ್ಟು ಸುಲಭವಾಗಿ ಮರೆಯಾಗುತ್ತದೆ. ಆದ್ದರಿಂದ ಗುರಿಯ ವಾಕ್ಯವನ್ನು ಸೇವಾರ್ಥಿಯ ಹೆಸರಿನಿಂದಲೇ ಆರಂಭಿಸಿ ಎಂದು ಒತ್ತಾಯಿಸುತ್ತೇನೆ.

ಎರಡನೆಯ ತಪ್ಪು, ಇಲ್ಲದಿರುವುದನ್ನು ಗುರಿಯಾಗಿಡುವುದು. ಕುಡಿಯಬಾರದು, ಮಗುವಿಗೆ ಹೊಡೆಯಬಾರದು, ಶಾಲೆಗೆ ತಪ್ಪಿಸಿಕೊಳ್ಳಬಾರದು. ವರ್ತನೆಯ ಅಧ್ಯಯನದಲ್ಲಿ ಓಗ್ಡೆನ್ ಲಿಂಡ್ಸ್‌ಲಿ ಎಂಬ ಅಮೆರಿಕದ ಮನೋವಿಜ್ಞಾನಿ ಹೇಳಿಕೊಟ್ಟ ಒಂದು ಒರಟು ಪರೀಕ್ಷೆಯಿದೆ: ಸತ್ತ ಮನುಷ್ಯನೂ ಮಾಡಬಹುದಾದದ್ದು ವರ್ತನೆಯಲ್ಲ. ಕುಡಿಯದೆ ಇರುವುದರಲ್ಲಿ, ಹೊಡೆಯದೆ ಇರುವುದರಲ್ಲಿ ಸತ್ತವನನ್ನು ಮೀರಿಸುವವರಿಲ್ಲ. ಹಾಗಾದರೆ ಕುಡಿತ ಬಿಟ್ಟ ಸಂಜೆಯನ್ನು ಆ ಮನುಷ್ಯ ಏನು ಮಾಡಿ ಕಳೆಯುತ್ತಾನೆ? ಮಗು ಹಟ ಹಿಡಿದಾಗ ಆ ತಂದೆ ಹೊಡೆಯುವುದರ ಬದಲಿಗೆ ಯಾವ ಕೆಲಸಕ್ಕೆ ಕೈಹಾಕುತ್ತಾನೆ? ಈ ಪ್ರಶ್ನೆಗೆ ಉತ್ತರ ಸಿಗುವವರೆಗೆ ಗುರಿ ಸಿಕ್ಕಿಲ್ಲವೆಂದೇ ಅರ್ಥ.

ಆದರೆ ತಾನಾಗಿ ಬಯಸಿ ಬಂದವರ ವಿಷಯದಲ್ಲಿ ಇವೆಲ್ಲ ಸುಲಭ. ನ್ಯಾಯಾಲಯದ ಆದೇಶದಿಂದ, ಕುಟುಂಬದ ಒತ್ತಡದಿಂದ, ಶಾಲೆಯ ಎಚ್ಚರಿಕೆಯಿಂದ ಬಂದವರನ್ನು ‘ನಿಮ್ಮ ಗುರಿಯೇನು’ ಎಂದು ಕೇಳಿದರೆ ಸಿಗುವ ಪ್ರಾಮಾಣಿಕ ಉತ್ತರ ಒಂದೇ: ‘ಇಲ್ಲಿಗೆ ಬರುವುದು ತಪ್ಪಬೇಕು.’ ಮೊದಮೊದಲು ಈ ಉತ್ತರವನ್ನು ನಾನು ಅಸಹಕಾರ ಎಂದು ದಾಖಲಿಸುತ್ತಿದ್ದೆ. ಪರಿಹಾರ ಕೇಂದ್ರಿತ ಚಿಕಿತ್ಸೆಯನ್ನು ರೂಪಿಸಿದ ಸ್ಟೀವ್ ಡಿ ಶೇಜರ್ ಮತ್ತು ಇನ್ಸೂ ಕಿಮ್ ಬರ್ಗ್ ದಂಪತಿಯ ಕೆಲಸವನ್ನು ಓದಿದ ಮೇಲೆ ಅದೇ ಉತ್ತರದಿಂದ ಮಾತು ಆರಂಭಿಸುವುದನ್ನು ಕಲಿತೆ. ಸರಿ, ಇಲ್ಲಿಗೆ ಬರುವುದು ತಪ್ಪಬೇಕಾದರೆ ಏನೇನು ಬದಲಾಗಿರಬೇಕು, ಬದಲಾಗಿದೆ ಎಂದು ನಿಮ್ಮನ್ನು ಕಳುಹಿಸಿದವರಿಗೆ ಯಾವುದನ್ನು ನೋಡಿ ತಿಳಿಯುತ್ತದೆ? ಈಗ ನನ್ನ ಪತ್ರದಲ್ಲಿ ಎರಡು ಪ್ರತ್ಯೇಕ ಸಾಲುಗಳಿರುತ್ತವೆ. ಒಂದು, ಕಾನೂನು ಅಥವಾ ಮಗುವಿನ ಸುರಕ್ಷತೆ ಬಯಸುವ, ಚೌಕಾಶಿಗೆ ಅವಕಾಶವಿಲ್ಲದ ಗುರಿ. ಇನ್ನೊಂದು, ಅವರದೇ ಗುರಿ. ಇವೆರಡನ್ನು ಒಂದೇ ಎಂದು ನಟಿಸುವುದು ಸೇವಾರ್ಥಿಯ ಸ್ವನಿರ್ಣಯಕ್ಕೆ ಮಾಡುವ ಅಪಚಾರ. ಬಲವಂತ ಇರುವಲ್ಲಿ ಅದು ಬಲವಂತ ಎಂದು ಒಪ್ಪಿಕೊಳ್ಳುವುದು ಹೆಚ್ಚು ಗೌರವದ ನಡೆ ಎಂದು ನನಗನ್ನಿಸುತ್ತದೆ.

ಗುರಿ ನಿರ್ದಿಷ್ಟವಾಗಿರಬೇಕು, ಅಳೆಯಲು ಬರಬೇಕು, ಕಾಲಮಿತಿ ಇರಬೇಕು ಎಂಬ ‘ಸ್ಮಾರ್ಟ್’ ಸೂತ್ರವನ್ನು ಎಲ್ಲ ತರಬೇತಿಗಳಲ್ಲೂ ಹೇಳಿಕೊಡುತ್ತಾರೆ. 1981ರಲ್ಲಿ ಜಾರ್ಜ್ ಡೋರನ್ ಅದನ್ನು ಬರೆದದ್ದು ಉದ್ಯಮಗಳ ವ್ಯವಸ್ಥಾಪಕರಿಗಾಗಿ. ವಾಕ್ಯವನ್ನು ಬಿಗಿಗೊಳಿಸಲು ಅದು ಉಪಯುಕ್ತ. ಗುರಿ ಯಾರದು ಎಂಬ ಪ್ರಶ್ನೆಯನ್ನು ಮಾತ್ರ ಅದು ಕೇಳುವುದಿಲ್ಲ. ಆದ್ದರಿಂದ ಅದರ ಬಗ್ಗೆ ಇಷ್ಟು ಸಾಕು.

ನನಗೆ ಹೆಚ್ಚು ಕಲಿಸಿದ್ದು ಗುರಿ ಸಾಧನಾ ಮಾಪಕ. ಅಮೆರಿಕದ ಸಮುದಾಯ ಮಾನಸಿಕ ಆರೋಗ್ಯ ಕಾರ್ಯಕ್ರಮಗಳ ಫಲಿತಾಂಶವನ್ನು ಅಳೆಯಲೆಂದು ಥಾಮಸ್ ಕಿರೆಸುಕ್ ಮತ್ತು ರಾಬರ್ಟ್ ಶೆರ್ಮನ್ 1968ರಲ್ಲಿ ಇದನ್ನು ಮುಂದಿಟ್ಟರು. ಎಲ್ಲರಿಗೂ ಒಂದೇ ಪ್ರಶ್ನಾವಳಿ ಕೊಡುವುದರ ಬದಲು, ಪ್ರತಿಯೊಬ್ಬರ ಪ್ರತಿ ಗುರಿಗೂ ಐದು ಮೆಟ್ಟಿಲುಗಳನ್ನು ಮೊದಲೇ ಬರೆದಿಡುವುದು ಇದರ ಕ್ರಮ. ನಿರೀಕ್ಷಿಸಿದಷ್ಟೇ ಆದರೆ ಸೊನ್ನೆ. ಅದಕ್ಕಿಂತ ಸ್ವಲ್ಪ ಹೆಚ್ಚಾದರೆ +1, ಬಹಳ ಹೆಚ್ಚಾದರೆ +2. ಸ್ವಲ್ಪ ಕಡಿಮೆಯಾದರೆ -1, ಬಹಳ ಕಡಿಮೆಯಾದರೆ -2. ಕೇಳಲು ಸರಳ. ಬರೆಯಲು ಕುಳಿತಾಗ ಎಷ್ಟು ಕಷ್ಟ ಎಂದು ತಿಳಿಯುತ್ತದೆ.

ಪತ್ನಿ ತೀರಿಕೊಂಡ ಮೇಲೆ ಮನೆಯಿಂದ ಹೊರಬರುವುದನ್ನೇ ನಿಲ್ಲಿಸಿದ್ದ ಹಿರಿಯರೊಬ್ಬರೊಡನೆ ನಾನು ಮೊದಲ ಬಾರಿ ಈ ಮಾಪಕವನ್ನು ಬರೆದೆ. ಆಗ ಅವರು ವಾರಕ್ಕೊಮ್ಮೆ, ಅದೂ ಮಗಳು ಬಂದು ಕರೆದೊಯ್ದರೆ, ಹೊರಗೆ ಹೋಗುತ್ತಿದ್ದರು. ಅದನ್ನು -2ರಲ್ಲಿ ಇಟ್ಟೆ. ಮರುವಾರ ಅವರು ಮಗಳು ಬಂದರೂ ಏಳಲಿಲ್ಲ. ಅದನ್ನು ಗುರುತಿಸಲು ನನ್ನ ಏಣಿಯಲ್ಲಿ ಕೆಳಗಿನ ಮೆಟ್ಟಿಲೇ ಇರಲಿಲ್ಲ. ಪರಿಸ್ಥಿತಿ ಇನ್ನೂ ಕೆಡಬಹುದು ಎಂದು ಎಣಿಸಲು ನನ್ನ ಮನಸ್ಸೇ ಒಪ್ಪಿರಲಿಲ್ಲ, ಹಾಗಾಗಿ ಕಾಗದದಲ್ಲೂ ಅದಕ್ಕೆ ಜಾಗ ಸಿಕ್ಕಿರಲಿಲ್ಲ. ಏಣಿಯನ್ನು ತಿದ್ದಿ, ಅವರ ಮೊದಲಿನ ಸ್ಥಿತಿಯನ್ನು -1ಕ್ಕೆ ಏರಿಸಿದೆ. ಸೊನ್ನೆಯಲ್ಲಿ ‘ವಾರಕ್ಕೆ ಎರಡು ಬಾರಿ ಒಬ್ಬರೇ ಹೊರಗೆ ಹೋಗಿ ಬರುವುದು’ ಎಂದೂ, +1ರಲ್ಲಿ ‘ಮೂರು ನಾಲ್ಕು ಬಾರಿ ಹೋಗಿ ಯಾರೊಡನಾದರೂ ಮಾತಾಡುವುದು’ ಎಂದೂ ಬರೆದಿದ್ದೆ. ಅವರು ಐದು ದಿನ ಹೊರಗೆ ಹೋದರು, ಯಾರೊಡನೆಯೂ ಒಂದು ಮಾತೂ ಆಡಲಿಲ್ಲ. ಅದು ಯಾವ ಮೆಟ್ಟಿಲು? ಹೊರಗೆ ಹೋಗುವುದು ಒಂದು ಗುರಿ, ಮಾತಾಡುವುದು ಇನ್ನೊಂದು. ಎರಡನ್ನು ಒಂದೇ ಮೆಟ್ಟಿಲಿನಲ್ಲಿ ಕಟ್ಟಿದ್ದು ನನ್ನ ತಪ್ಪು. ಮಾತಿನ ಗುರಿ ಅವರದಾಗಿರಲಿಲ್ಲ, ನನ್ನದಾಗಿತ್ತು ಎಂಬುದೂ ಆಗಲೇ ಹೊರಬಿತ್ತು. ಅವರಿಗೆ ಬೇಕಾಗಿದ್ದದ್ದು ನಡೆಯುವುದು, ಅದೂ ಒಬ್ಬರೇ ನಡೆಯುವುದು.

ಈ ಮಾಪಕದಲ್ಲಿ ಎಲ್ಲ ಗುರಿಗಳ ಅಂಕಗಳನ್ನು ಸೇರಿಸಿ ಒಂದೇ ಸಂಖ್ಯೆಯಾಗಿಸುವ ಸೂತ್ರವೂ ಇದೆ. ಎಲ್ಲ ಗುರಿಗಳೂ ನಿಖರವಾಗಿ ಸೊನ್ನೆಯಲ್ಲಿ ನಿಂತರೆ ಮೊತ್ತ 50 ಬರುವಂತೆ ಅದನ್ನು ಕಟ್ಟಿದ್ದಾರೆ. ಇದರಲ್ಲಿ ನನಗೆ ಇಷ್ಟವಾಗುವುದು ಒಂದು ಸೂಕ್ಷ್ಮ. ನನ್ನ ಬಳಿ ಬಂದವರೆಲ್ಲರ ಸರಾಸರಿ 50ರ ಆಸುಪಾಸಿನಲ್ಲಿದ್ದರೆ, ಏನಾಗಬಹುದು ಎಂಬ ನನ್ನ ಅಂದಾಜು ಸರಿಯಾಗಿದೆ ಎಂದರ್ಥ. ಸರಾಸರಿ ಸದಾ 60, 65 ಎಂದು ಬರುತ್ತಿದ್ದರೆ, ನಾನು ಮಹಾ ಸಮರ್ಥಳೆಂದು ಬೀಗುವ ಮೊದಲು ಗುರಿಗಳನ್ನು ತೀರ ಕೆಳಗೆ ಇಡುತ್ತಿದ್ದೇನೆಯೇ ಎಂದು ಕೇಳಿಕೊಳ್ಳಬೇಕು. ನಾನೇ ಏಣಿ ಕಟ್ಟಿ ನಾನೇ ಮೆಟ್ಟಿಲು ಎಣಿಸುವಾಗ ಮೆಟ್ಟಿಲುಗಳ ಎತ್ತರ ತಾನಾಗಿಯೇ ತಗ್ಗುತ್ತದೆ. ಆದ್ದರಿಂದ ಸಾಧ್ಯವಾದಾಗಲೆಲ್ಲ ಏಣಿ ಕಟ್ಟಿದವರು ಒಬ್ಬರು, ಅಂಕ ಕೊಡುವವರು ಇನ್ನೊಬ್ಬರು ಇರುವಂತೆ ನೋಡಿಕೊಳ್ಳುತ್ತೇವೆ.

ಅಳತೆಯ ಇನ್ನೊಂದು ಕುಣಿಕೆಯಲ್ಲಿ ನಾನು ಬಹಳ ಕಾಲ ಸಿಕ್ಕಿಕೊಂಡಿದ್ದೆ. ಜನ ನಮ್ಮ ಬಳಿ ಬರುವುದು ತಮ್ಮ ಅತಿ ಕೆಟ್ಟ ದಿನಗಳಲ್ಲಿ. ಮನೆಯಲ್ಲಿ ಜಗಳ ವಿಪರೀತಕ್ಕೆ ಹೋದ ವಾರ, ಮಗ ಪೂರ್ತಿ ಶಾಲೆ ಬಿಟ್ಟ ತಿಂಗಳು, ನಿದ್ದೆ ಸಂಪೂರ್ಣ ಕೆಟ್ಟ ಹೊತ್ತು. ಏರಿಳಿಯುವ ಸಂಗತಿ ಯಾವುದೇ ಇರಲಿ, ಅದರ ತುತ್ತತುದಿಯಲ್ಲಿ ಹಿಡಿದು ಅಳೆದರೆ ಮುಂದಿನ ಅಳತೆ ಸಹಜವಾಗಿಯೇ ಸ್ವಲ್ಪ ಕಡಿಮೆ ಬರುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ತಂದೆತಾಯಿ ಮತ್ತು ಮಕ್ಕಳ ಎತ್ತರವನ್ನು ಹೋಲಿಸುವಾಗ ಗುರುತಿಸಿದ ಸರಾಸರಿಯ ಕಡೆಗಿನ ಈ ಮರಳುವಿಕೆ ನಮ್ಮ ಕಚೇರಿಯಲ್ಲಿ ದಿನವೂ ನಡೆಯುತ್ತದೆ. ಎರಡನೆಯ ಭೇಟಿಗೆ ಬಂದವರ ಮುಖ ಕೊಂಚ ಗೆಲುವಾಗಿದ್ದರೆ ನಾವು ಅದನ್ನು ಮೊದಲ ಭೇಟಿಯ ಫಲ ಎಂದು ಬರೆದುಕೊಳ್ಳುತ್ತೇವೆ. ಇದಕ್ಕೆ ಮದ್ದು, ಕೆಲಸ ಶುರುಮಾಡುವ ಮೊದಲೇ ಕನಿಷ್ಠ ಮೂರು ನಾಲ್ಕು ಬಾರಿ ಅಳೆದು ಮೂಲಸ್ಥಿತಿಯನ್ನು ಗೊತ್ತುಮಾಡಿಕೊಳ್ಳುವುದು. ಒಬ್ಬನೇ ವ್ಯಕ್ತಿಯನ್ನು ಕಾಲದುದ್ದಕ್ಕೂ ಪದೇ ಪದೇ ಅಳೆದು ರೇಖಾಚಿತ್ರ ಬರೆಯುವ ಏಕವ್ಯಕ್ತಿ ವಿನ್ಯಾಸದ ಜೀವಾಳವೇ ಇದು. ಸಂಕಟದಲ್ಲಿರುವವರನ್ನು ಅಳತೆಗಾಗಿ ಮೂರು ವಾರ ಕಾಯಿಸುವುದು ನ್ಯಾಯವಲ್ಲ ಎಂಬ ಆಕ್ಷೇಪ ಸರಿಯಾದದ್ದೇ. ಅಂಥ ಕಡೆ ನಾನು ಹಿಂದಿನ ದಾಖಲೆಗಳನ್ನು ನೆಚ್ಚುತ್ತೇನೆ: ಶಾಲೆಯ ಹಾಜರಿ ಪುಸ್ತಕ, ಆಸ್ಪತ್ರೆಯ ಚೀಟಿಗಳು, ಫೋನಿನಲ್ಲಿ ಉಳಿದ ಕರೆಗಳ ಪಟ್ಟಿ. ಮೂಲಸ್ಥಿತಿ ಅನೇಕ ಸಲ ಎಲ್ಲೋ ಬರೆದಿಟ್ಟಂತೆಯೇ ಇರುತ್ತದೆ. ನಾವು ಕೇಳುವುದಿಲ್ಲ ಅಷ್ಟೇ.

ನನಗೆ ಅನುಭವವಿದೆ, ಎದುರಿಗಿರುವವರು ಇಳಿಮುಖವಾಗುತ್ತಿದ್ದರೆ ನನಗೆ ತಿಳಿಯುತ್ತದೆ, ಅದಕ್ಕೆ ಅಂಕಿಗಳೇಕೆ ಎಂದು ಹಿರಿಯ ಸಹೋದ್ಯೋಗಿಯೊಬ್ಬರು ನನ್ನೊಡನೆ ವಾದಿಸಿದ್ದುಂಟು. ಅಮೆರಿಕದ ಮನೋವಿಜ್ಞಾನಿ ಮೈಕೆಲ್ ಲ್ಯಾಂಬರ್ಟ್ ಅವರೂ ಇದ್ದ ಸಂಶೋಧಕರ ತಂಡವೊಂದು 2005ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ನಾನು ಅವರ ಮುಂದಿಟ್ಟೆ. ಮಾನಸಿಕ ಚಿಕಿತ್ಸೆ ಪಡೆಯುತ್ತಿದ್ದ 550 ಜನರಲ್ಲಿ ಯಾರು ಕೊನೆಗೆ ಬಂದಾಗಿನಕ್ಕಿಂತ ಕೆಟ್ಟ ಸ್ಥಿತಿಯಲ್ಲಿರುತ್ತಾರೆ ಎಂದು ಅವರ ಚಿಕಿತ್ಸಕರನ್ನೇ ಊಹಿಸಲು ಕೇಳಿದ್ದರು. ಚಿಕಿತ್ಸಕರು ಒಟ್ಟು 3 ಜನರ ಹೆಸರು ಹೇಳಿದರು. ನಿಜವಾಗಿ ಕೆಟ್ಟ ಸ್ಥಿತಿಗೆ ಇಳಿದವರು 40. ಊಹೆ ಸರಿಯಾದದ್ದು ಒಬ್ಬರ ವಿಷಯದಲ್ಲಿ ಮಾತ್ರ. ನಮ್ಮ ಸಹಾಯ ಕೆಲಸ ಮಾಡುತ್ತಿದೆ ಎಂಬ ನಂಬಿಕೆಯಿಲ್ಲದೆ ಈ ವೃತ್ತಿಯಲ್ಲಿ ಬಾಳುವುದು ಕಷ್ಟ. ಅದೇ ನಂಬಿಕೆ ನಮ್ಮ ಕಣ್ಣಿಗೆ ಪೊರೆಯೂ ಆಗುತ್ತದೆ. ನನ್ನ ಸಹೋದ್ಯೋಗಿ ಕಾಗದವನ್ನು ಮಡಚಿ ಜೇಬಿಗಿಟ್ಟುಕೊಂಡರು. ಒಪ್ಪಿದರೋ ಇಲ್ಲವೋ ಹೇಳಲಿಲ್ಲ.

ಪ್ರತಿ ಭೇಟಿಯಲ್ಲೂ ಕೇಳಬಹುದಾದ ಚಿಕ್ಕ ಮಾಪಕಗಳು ಈಗ ಬೇಕಾದಷ್ಟಿವೆ. ಸ್ಕಾಟ್ ಮಿಲ್ಲರ್ ಮತ್ತು ಬ್ಯಾರಿ ಡಂಕನ್ ರೂಪಿಸಿದ ಫಲಿತಾಂಶ ಮಾಪಕದಲ್ಲಿ ಹತ್ತು ಸೆಂಟಿಮೀಟರ್ ಉದ್ದದ ನಾಲ್ಕೇ ಗೆರೆಗಳು. ಕಳೆದ ವಾರ ಹೇಗಿತ್ತು ಎಂದು ಗೆರೆಯ ಮೇಲೆ ಗುರುತು ಹಾಕಿದರೆ ಮುಗಿಯಿತು. ಒಟ್ಟು 40ರಲ್ಲಿ 25ಕ್ಕಿಂತ ಕಡಿಮೆ ಬಂದ ವಯಸ್ಕರು ಸಂಕಟದಲ್ಲಿದ್ದಾರೆ ಎಂದು ಎಣಿಸುತ್ತಾರೆ. ಖಿನ್ನತೆಯ ತೀವ್ರತೆಯನ್ನು ನೋಡಲು ಒಂಬತ್ತು ಪ್ರಶ್ನೆಗಳ ಪಿಎಚ್‌ಕ್ಯೂ-9 ಇದೆ. ಅದರ ಮೊತ್ತ 0ಯಿಂದ 27ರವರೆಗೆ. ಇದರ ಒಂಬತ್ತನೆಯ ಪ್ರಶ್ನೆ ಸಾಯುವ ಅಥವಾ ತನಗೆ ತಾನೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗೆಗಿನದು. ಮೊತ್ತ ಎಷ್ಟೇ ಇಳಿದಿರಲಿ, ಆ ಒಂದು ಉತ್ತರ ಸೊನ್ನೆಯಲ್ಲದಿದ್ದರೆ ಲೆಕ್ಕವನ್ನು ಅಲ್ಲಿಗೇ ಬಿಟ್ಟು ಮಾತಿಗೆ ಕೂರಬೇಕು. ಕೂಡಿಸಿ ಸಂಖ್ಯೆಯನ್ನು ಕಡತಕ್ಕೆ ಏರಿಸಿ ಮುಂದಿನವರನ್ನು ಕರೆದ ಉದಾಹರಣೆಯನ್ನು ನಾನು ಕಂಡಿದ್ದೇನೆ. ಇನ್ನೊಂದು ಸಣ್ಣ ಸಂಗತಿ: ಗುರುತು ಹಾಕುವಾಗ ಸೇವಾರ್ಥಿ ನನ್ನ ಮುಖ ನೋಡುತ್ತಾರೆ. ಇಷ್ಟೆಲ್ಲ ಮಾಡಿದವರಿಗೆ ಬೇಸರವಾಗದಿರಲಿ ಎಂಬ ಸೌಜನ್ಯದಿಂದ ಗುರುತು ಒಂದೆರಡು ಸೆಂಟಿಮೀಟರ್ ಬಲಕ್ಕೆ ಸರಿಯುತ್ತದೆ. ಹಾಗಾಗಿ ಕಾಗದ ಕೊಟ್ಟು ನಾನು ಎದ್ದು ಕಿಟಕಿಯ ಬಳಿ ಹೋಗಿ ನಿಲ್ಲುತ್ತೇನೆ.

ಈ ಸೌಜನ್ಯ ಎಷ್ಟು ದೂರ ಒಯ್ಯಬಲ್ಲದು ಎಂಬುದಕ್ಕೆ ನಮ್ಮ ವೃತ್ತಿಯ ಚರಿತ್ರೆಯಲ್ಲಿ ಒಂದು ಕಹಿಯಾದ ಅಧ್ಯಾಯವಿದೆ. ರಿಚರ್ಡ್ ಕ್ಯಾಬಟ್ ಎಂಬ ವೈದ್ಯರು 1905ರಲ್ಲಿ ಅಮೆರಿಕದ ಬೋಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ಸಮಾಜಕಾರ್ಯವನ್ನು ಆರಂಭಿಸಿದವರು. 1931ರಲ್ಲಿ ಸಮಾಜ ಕಾರ್ಯಕರ್ತರ ರಾಷ್ಟ್ರೀಯ ಸಮಾವೇಶದ ಅಧ್ಯಕ್ಷತೆ ವಹಿಸಿ ಮಾತಾಡಿದ ಅವರು, ನಂಬಿಕೆ ಮತ್ತು ಆಯ್ದ ಉದಾಹರಣೆಗಳನ್ನು ಮೀರಿದ ಯಾವುದಾದರೂ ಆಧಾರದ ಮೇಲೆ ನಿಮ್ಮ ಕೆಲಸದ ಫಲವನ್ನು ಅಳೆಯಿರಿ ಎಂದು ಕೇಳಿಕೊಂಡರು. ತಾವೇ ಅದಕ್ಕೆ ಮುಂದಾದರು. ದಾರಿ ತಪ್ಪಬಹುದಾದ ಬಾಲಕರಿಗೆ ವರ್ಷಗಟ್ಟಲೆ ಸ್ನೇಹಪೂರ್ವಕ ಮಾರ್ಗದರ್ಶನ ನೀಡಿದರೆ ಅಪರಾಧ ತಪ್ಪುತ್ತದೆಯೇ ಎಂದು ನೋಡಲು, ಮ್ಯಾಸಚೂಸೆಟ್ಸಿನ ಕೇಂಬ್ರಿಜ್ ಮತ್ತು ಸಮರ್‌ವಿಲ್ ಎಂಬ ಊರುಗಳ 506 ಬಾಲಕರನ್ನು ಹೋಲುವ ಜೋಡಿಗಳಾಗಿ ವಿಂಗಡಿಸಿ, ನಾಣ್ಯ ಚಿಮ್ಮಿಸಿ, ಪ್ರತಿ ಜೋಡಿಯಲ್ಲಿ ಒಬ್ಬನಿಗೆ ಸಹಾಯ ಕೊಡುವ ಯೋಜನೆ 1939ರಲ್ಲಿ ಆರಂಭವಾಯಿತು. ಕ್ಯಾಬಟ್ ಅದೇ ವರ್ಷ ತೀರಿಕೊಂಡರು. 1945ರವರೆಗೆ ಕಾರ್ಯಕರ್ತರು ಆ ಬಾಲಕರ ಮನೆಗಳಿಗೆ ಹೋದರು, ಪಾಠ ಹೇಳಿಕೊಟ್ಟರು, ವೈದ್ಯರ ಬಳಿ ಕರೆದೊಯ್ದರು, ಬೇಸಿಗೆ ಶಿಬಿರಗಳಿಗೆ ಕಳುಹಿಸಿದರು.

ಮೂರು ದಶಕಗಳ ನಂತರ ಜೋನ್ ಮೆಕಾರ್ಡ್ ಎಂಬ ಸಂಶೋಧಕಿ ಆ ಹುಡುಗರನ್ನು, ಆ ಹೊತ್ತಿಗೆ ನಡುವಯಸ್ಸು ತಲುಪಿದ್ದವರನ್ನು, ಹುಡುಕಿಕೊಂಡು ಹೋದರು. ಸಹಾಯ ಪಡೆದಿದ್ದವರಲ್ಲಿ ಮೂರನೆಯ ಎರಡರಷ್ಟು ಜನ ಅದರಿಂದ ತಮಗೆ ಒಳ್ಳೆಯದಾಯಿತು ಎಂದರು. ದಾಖಲೆಗಳು ಬೇರೆಯದನ್ನೇ ಹೇಳಿದವು. ಅಪರಾಧದಲ್ಲಿ ಸಹಾಯ ಪಡೆದ ಗುಂಪು ಇನ್ನೊಂದಕ್ಕಿಂತ ಉತ್ತಮವಾಗಿರಲಿಲ್ಲ. ಮತ್ತೆ ಮತ್ತೆ ಅಪರಾಧ ಮಾಡುವುದು, ಮದ್ಯವ್ಯಸನದ ಲಕ್ಷಣ, ಗಂಭೀರ ಮನೋರೋಗದ ಚಿಹ್ನೆ, ಅಕಾಲ ಮರಣ ಇವುಗಳಲ್ಲಿ ಏನೂ ಪಡೆಯದ ಗುಂಪಿಗಿಂತ ಕೆಟ್ಟ ಸ್ಥಿತಿಯಲ್ಲಿತ್ತು. 1978ರಲ್ಲಿ ಪ್ರಕಟವಾದ ಆ ಲೇಖನವನ್ನು ನಾನು ಮೊದಲು ಓದಿದಾಗ ನಂಬಲಾಗದೆ ಕೋಷ್ಟಕಗಳನ್ನು ಎರಡು ಸಲ ನೋಡಿದೆ. ಕಾರಣಗಳ ಬಗ್ಗೆ ಮೆಕಾರ್ಡ್ ಹಲವು ಊಹೆಗಳನ್ನು ಮಾಡಿದರು: ಹೊರಗಿನವರ ಮೇಲೆ ಅವಲಂಬನೆ ಬೆಳೆದಿರಬಹುದು, ಈಡೇರದ ನಿರೀಕ್ಷೆಗಳು ಹುಟ್ಟಿರಬಹುದು, ಶಿಬಿರಗಳಲ್ಲಿ ತಂಟೆಕೋರ ಹುಡುಗರು ಒಬ್ಬರಿಂದೊಬ್ಬರು ಕಲಿತಿರಬಹುದು ಎಂಬ ಅನುಮಾನ ಮುಂದೆ ಬಲವಾಯಿತು. ಏನೇ ಇರಲಿ, ಆ ಕಾರ್ಯಕರ್ತರಲ್ಲಿ ಯಾರೂ ಕೆಟ್ಟವರಾಗಿರಲಿಲ್ಲ, ಸೋಮಾರಿಗಳೂ ಆಗಿರಲಿಲ್ಲ. ಅವರ ಕಡತಗಳಲ್ಲೂ ‘ಪ್ರಗತಿ ತೃಪ್ತಿಕರ’ ಎಂಬರ್ಥದ ಮಾತುಗಳಿದ್ದಿರಬೇಕು. ಹೋಲಿಕೆಗೆ ಇನ್ನೊಂದು ಗುಂಪು ಇಲ್ಲದೇ ಹೋಗಿದ್ದರೆ, ಕೃತಜ್ಞತೆಯ ಮಾತುಗಳನ್ನೇ ಸಾಕ್ಷಿಯಾಗಿಟ್ಟು ಆ ಯೋಜನೆಯನ್ನು ಎಲ್ಲೆಡೆ ಹರಡುತ್ತಿದ್ದರು. ನಮ್ಮ ವಾರ್ಷಿಕ ವರದಿಗೆ ‘ಯಶೋಗಾಥೆ’ ಬರೆದುಕೊಡಿ ಎಂದು ಕೇಳಿದಾಗಲೆಲ್ಲ ನನಗೆ ಇದೇ ನೆನಪಾಗುತ್ತದೆ.

ಹಾಗೆಂದು ಅಂಕಿಯನ್ನು ಪೂಜಿಸಲು ಕುಳಿತರೆ ಅದೂ ಮೋಸ ಮಾಡುತ್ತದೆ. ಒಂದು ಅಳತೆಯನ್ನು ನಿರ್ಧಾರಗಳಿಗೆ ಬಳಸಿದಷ್ಟೂ ಅದು ತಾನು ಅಳೆಯಬೇಕಾದದ್ದನ್ನೇ ಕೆಡಿಸುತ್ತದೆ ಎಂದು ಅಮೆರಿಕದ ಮನೋವಿಜ್ಞಾನಿ ಡೊನಾಲ್ಡ್ ಕ್ಯಾಂಪ್‌ಬೆಲ್ 1970ರ ದಶಕದಲ್ಲಿಯೇ ಎಚ್ಚರಿಸಿದ್ದರು. ಮುಕ್ತಾಯಗೊಂಡ ಪ್ರಕರಣಗಳ ಸಂಖ್ಯೆಯ ಮೇಲೆ ಅನುದಾನ ನಿಂತಿದ್ದರೆ ಬೇಗ ಮುಗಿಯುವ ಪ್ರಕರಣಗಳೇ ಒಳಗೆ ಬರುತ್ತವೆ. ಬಹಳ ಕಾಲ ಬೇಡುವವರನ್ನು ‘ಬೇರೆಡೆಗೆ ಕಳುಹಿಸಲಾಯಿತು’ ಎಂಬ ಒಂದು ಸಾಲು ನುಂಗುತ್ತದೆ. ಮರೆವಿನ ಕಾಯಿಲೆಯವರ ವಿಷಯದಲ್ಲಿ, ಸಾವಿನ ಹತ್ತಿರ ಇರುವವರ ವಿಷಯದಲ್ಲಿ ಏರುವ ಗೆರೆಯನ್ನು ಕೇಳುವುದೇ ಅನುಚಿತ. ಅಲ್ಲಿ ಇದ್ದಂತೆಯೇ ಇರುವುದು ಗೆಲುವು, ಇಳಿತ ನಿಧಾನವಾಗುವುದೂ ಗೆಲುವು, ಮತ್ತು ಅದನ್ನು ಯೋಜನಾ ಪತ್ರದಲ್ಲಿ ಮೊದಲೇ ಧೈರ್ಯವಾಗಿ ಬರೆದಿಡಬೇಕು.

ಆ ತಾಯಿಯ ವಿಷಯಕ್ಕೆ ಬರುತ್ತೇನೆ. ಅವರು ಒಂದು ಚಿಕ್ಕ ನೋಟ್‌ಬುಕ್ಕಿನಲ್ಲಿ ಪ್ರತಿ ವಾರ ದಿನಾಂಕ ಮತ್ತು ನಿಮಿಷಗಳನ್ನು ಬರೆದುಕೊಂಡು ಬರುತ್ತಿದ್ದರು. ಮೊದಲ ನಾಲ್ಕು ವಾರ ಒಂದು, ಒಂದು, ಎರಡು, ಒಂದು. ನಾವು ಮಾಡಿದ್ದು ದೊಡ್ಡದೇನೂ ಅಲ್ಲ. ಪ್ರಶ್ನೆಗಳನ್ನು ಕಡಿಮೆ ಮಾಡಿ, ತಮ್ಮ ದಿನದ ಬಗ್ಗೆ ಏನಾದರೂ ಅವನಿಗೆ ಹೇಳುವುದನ್ನು ಅವರು ಅಭ್ಯಾಸ ಮಾಡಿದರು. ಕೇಂದ್ರದವರೊಡನೆ ಮಾತಾಡಿ, ಹುಡುಗ ಆಟ ಬಿಟ್ಟು ಬರಬೇಕಾಗದ ಹೊತ್ತಿಗೆ ನಾನು ಕರೆಯನ್ನು ಬದಲಿಸಿದೆ. ಮೂರು, ಎರಡು, ನಾಲ್ಕು. ನಂತರ ಒಂದು ವಾರ ಪುಟದಲ್ಲಿ ‘11’ ಎಂದಿತ್ತು, ಪಕ್ಕದಲ್ಲಿ ‘ಜಗಳ’ ಎಂದು ಬರೆದಿತ್ತು. ಮಗ ಕೂಗಾಡಿದ್ದನಂತೆ, ನನ್ನನ್ನು ಇಲ್ಲಿ ಬಿಟ್ಟದ್ದೇಕೆ ಎಂದು ಕೇಳಿದ್ದನಂತೆ, ಇವರು ಅತ್ತಿದ್ದರಂತೆ. ಗುರಿ ಐದು ನಿಮಿಷ, ಆದದ್ದು ಹನ್ನೊಂದು. ಅಂಕಿಯ ಪ್ರಕಾರ ಇದು +2. ಹಾಗೆ ಬರೆಯಲು ನನ್ನ ಕೈ ಏಳಲಿಲ್ಲ. ಈ ವಾರವನ್ನು ಲೆಕ್ಕಕ್ಕೆ ಹಿಡಿಯುವುದು ಬೇಡ ಎಂದು ನಾನು ಹೇಳಹೊರಟಾಗ ಅವರು ತಡೆದರು.

“ಬರ್ಕೊಳ್ಳಿ ಮೇಡಂ, ಒಳ್ಳೇದಂತಲೇ ಬರ್ಕೊಳ್ಳಿ. ಎರಡು ವರ್ಷದಿಂದ ಯಾರ ಹತ್ರವೂ ಕೇಳದೇ ಇದ್ದಿದ್ದನ್ನ ನನ್ನ ಹತ್ರ ಕೇಳಿದ.”

ನಾನು ‘+2’ ಎಂದು ಬರೆದು, ಷರಾ ಎಂಬ ಅಂಕಣದಲ್ಲಿ ಅವರು ಹೇಳಿದ್ದನ್ನು ಅವರದೇ ಮಾತಿನಲ್ಲಿ ಇಳಿಸಿದೆ. ಆ ತ್ರೈಮಾಸಿಕ ಪರಿಶೀಲನೆಯಲ್ಲಿ, ಜಗಳಕ್ಕೆ ಇಷ್ಟು ಅಂಕ ಹೇಗೆ ಕೊಟ್ಟಿರಿ ಎಂದು ಮೇಲ್ವಿಚಾರಕರು ಕೇಳಿದರು. ಕಡತವನ್ನು ಅವರ ಕಡೆಗೆ ತಿರುಗಿಸಿ, ಷರಾ ಅಂಕಣವನ್ನು ಓದಲು ಹೇಳಿದೆ.